ಕರೆಂಟ್ ಕಂಪನಿಯಲ್ಲಿ ಕ್ಯಾಸೆಟ್ ಕಳವು

ಗುರುವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಕರೆಂಟ್ ಕಂಪನಿಯ ಮ್ಯಾನೇಜರು. ಇಸ್ತ್ರಿ ಕೆಡದ ಅಂಗಿ, ಕೈಗೊಂದು ಫೋನು, ಎರಡೂ ಒಂದೇ ಸಮ ಬಡಿದುಕೊಳ್ಳುತ್ತಿದ್ದವು. ಕಳವಾಗಿದೆ, ದೊಡ್ಡ ಕಳವು ಎಂದರು. ಹೆಡ್ ಕಾನ್‌ಸ್ಟೆಬಲ್ ಪೆನ್ನಿನ ಮುಚ್ಚಳ ತೆಗೆದು, ಚಿನ್ನವೋ ನಗದೋ ಎಂದು ಕೇಳಿದ. ಎರಡೂ ಅಲ್ಲವಂತೆ. ಹೋಗಿರುವುದು ಆರು ಹಳೆಯ ಕ್ಯಾಸೆಟ್ಟು ಮತ್ತು ಅವನ್ನು ಹಾಕುವ ಒಂದು ಹಳೆಯ ಟೇಪ್ ಯಂತ್ರ.

ಹೆಡ್ ಕಾನ್‌ಸ್ಟೆಬಲ್ ಮುಚ್ಚಳವನ್ನು ಮತ್ತೆ ಪೆನ್ನಿಗೆ ಹಾಕಿದ. ಅವನ ಮನೆಯ ಅಟ್ಟದ ಮೇಲೂ ಒಂದು ಚೀಲ ಕ್ಯಾಸೆಟ್ಟು ಬಿದ್ದಿತ್ತು. ಯಾರಾದರೂ ಪುಣ್ಯಾತ್ಮರು ಕದ್ದುಕೊಂಡು ಹೋಗಲಿ ಎಂದು ಅವನ ಹೆಂಡತಿ ವರ್ಷಗಳಿಂದ ಕಾಯುತ್ತಿದ್ದಳು.

ಕರೆಂಟ್ ಯಾರೆಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ರ‍್ಯಾಪ್ ಹಾಡುಗಾರ. ಒಂದು ಕಾಲದಲ್ಲಿ ಸಭೆ ಸಮಾರಂಭಗಳಿಗೆ ಮೈಕು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಸ್ವಂತ ಅಣ್ಣನ ಕೈಕೆಳಗೆ ವೈರು ಎಳೆಯುತ್ತಿದ್ದವನು. ಶಾಕು ಹೊಡೆಸಿಕೊಂಡು ಹೊಡೆಸಿಕೊಂಡು ಆ ಹೆಸರು ಅಂಟಿಕೊಂಡಿತು. ಈಗ ಅದೇ ಹೆಸರಿನಲ್ಲಿ ಶೂ ಇದೆ, ಸೆಂಟು ಇದೆ, ಊರಿಗೊಂದು ಜಿಮ್ ಇದೆ. ಇನ್‌ಸ್ಪೆಕ್ಟರ್ ಮೇಡಂ ಮೇಜಿನ ಮೇಲಿದ್ದ ನೀರಿನ ಬಾಟಲಿಯಲ್ಲೂ ಅವನೇ ನಗುತ್ತಿದ್ದ.

ಇನ್‌ಸ್ಪೆಕ್ಟರ್ ಕಡಿಮೆ ಮಾತಿನ ಹೆಂಗಸು. ಕ್ಯಾಸೆಟ್ಟಿನಲ್ಲಿ ಅಂಥದ್ದೇನಿದೆ ಎಂದಷ್ಟೇ ಕೇಳಿದರು. ಕರೆಂಟನ ಮೊದಲ ಹಾಡುಗಳಿವೆ ಎಂದರು ಮ್ಯಾನೇಜರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಣ್ಣನೇ ಧ್ವನಿಮುದ್ರಣ ಮಾಡಿದ್ದು. ಹಾಡು ಹಾಡಿನ ನಡುವೆ ಅಣ್ಣತಮ್ಮಂದಿರು ಮಾತಾಡಿರುವುದು, ಬೈದಾಡಿರುವುದು, ನಕ್ಕಿರುವುದು ಎಲ್ಲ ಹಾಗೇ ಉಳಿದಿದೆ. ಅದನ್ನು ಹೊರಗಿನವರು ಯಾರೂ ಕೇಳಿಲ್ಲ, ಬೆಲೆ ಇರುವುದೇ ಅದಕ್ಕೆ. ಕಳೆದ ತಿಂಗಳು ಕರೆಂಟ್ ತನ್ನ ಎಲ್ಲ ಹಾಡುಗಳನ್ನೂ ಒಂದು ದೊಡ್ಡ ಸಂಸ್ಥೆಗೆ ಮಾರಿದ್ದಾನೆ. ಒಪ್ಪಂದಕ್ಕೆ ಸಹಿ ಬಿದ್ದ ದಿನದಿಂದ ಕ್ಯಾಸೆಟ್ಟು ಅವರ ಸೊತ್ತು. ಯಾರೂ ಹಾಕಿ ಕೇಳುವಂತಿಲ್ಲ, ನಕಲು ಮಾಡುವಂತಿಲ್ಲ. ಸೋಮವಾರ ಅವರ ಕೈಗೆ ಒಪ್ಪಿಸಬೇಕು.

ಆ ಅಣ್ಣನನ್ನೂ ವಿಚಾರಿಸಬೇಕಾಗುತ್ತದೆ ಎಂದರು ಇನ್‌ಸ್ಪೆಕ್ಟರ್. ಪ್ರಯೋಜನವಿಲ್ಲ ಎಂದರು ಮ್ಯಾನೇಜರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವರ ಮಾತು ನಿಂತುಹೋಗಿದೆ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಒಂದಕ್ಷರವೂ ಹೊರಡುವುದಿಲ್ಲ.

ಎಫ್‌ಐಆರ್ ಬರೆಯುವಾಗ ಕಳವಾದ ಮಾಲಿನ ಬೆಲೆಯ ಹತ್ತಿರ ಹೆಡ್ ಕಾನ್‌ಸ್ಟೆಬಲ್ ಪೆನ್ನು ನಿಲ್ಲಿಸಿದ.

"ಬೆಲೆ ಕಟ್ಟೋಕಾಗಲ್ಲ" ಎಂದರು ಮ್ಯಾನೇಜರು.

"ಈ ಕಾಲಮ್ಮಲ್ಲಿ ಅಂಕಿ ಬೇಕು ಸಾರ್. ಕವಿತೆ ಹಿಡಿಸಲ್ಲ."

ಹನ್ನೆರಡಕ್ಕೆ ಸ್ಥಳ ಪರಿಶೀಲನೆ. ಕಂಪನಿಯದು ನಾಲ್ಕು ಅಂತಸ್ತಿನ ಕಟ್ಟಡ. ಕೆಳಗೆ ಶೂ ಅಂಗಡಿ, ಅದರ ಮೇಲೆ ಸೆಂಟಿನವರ ಕಚೇರಿ, ಮೂರನೆಯದರಲ್ಲಿ ಸ್ಟುಡಿಯೋ, ತುದಿಯಲ್ಲಿ ಕರೆಂಟನ ಕೋಣೆ. ಮೆಟ್ಟಿಲಿನಲ್ಲೆಲ್ಲ ಸೆಂಟಿನ ಘಾಟು. ಹೆಡ್ ಕಾನ್‌ಸ್ಟೆಬಲ್ ಮೂರು ಸಲ ಸೀನಿ, ಇಷ್ಟು ದುಡ್ಡಿದ್ದೂ ಕಿಟಕಿ ಇಡಿಸಿಲ್ಲವಲ್ಲ ಎಂದು ಗೊಣಗಿದ.

ಸ್ಟುಡಿಯೋದ ಬೀರುವನ್ನು ಯಾರೂ ಒಡೆದಿರಲಿಲ್ಲ, ಕೀಲಿಯಿಂದಲೇ ತೆಗೆದಿದ್ದರು. ಕೀಲಿ ಇರುತ್ತಿದ್ದುದು ಸೌಂಡ್ ಇಂಜಿನಿಯರನ ಡ್ರಾಯರಿನಲ್ಲಿ. ಬುಧವಾರ ಬೆಳಿಗ್ಗೆ ಕ್ಯಾಸೆಟ್ಟಿನ ಪೆಟ್ಟಿಗೆಯೂ ಯಂತ್ರವೂ ಬೀರುವಿನಲ್ಲೇ ಇದ್ದವು, ಮಧ್ಯಾಹ್ನ ತಾನು ಊಟಕ್ಕೆ ಹೋಗಿ ಬಂದ ಮೇಲೆ ಬೀರು ತೆಗೆದು ನೋಡಲಿಲ್ಲ, ಇವತ್ತು ನೋಡಿದರೆ ಎರಡೂ ಇಲ್ಲ ಎಂದ ಇಂಜಿನಿಯರ್. ಮ್ಯಾನೇಜರು ಅವನನ್ನು ಆಗಲೇ ಕೆಲಸದಿಂದ ನಿಲ್ಲಿಸಿದ್ದರು. ಸಂಜೆಯೊಳಗೆ ಲಾಕಪ್ಪಿಗೆ ಹಾಕಿಸುತ್ತೇನೆ ಎಂದು ಎಲ್ಲರೆದುರು ಹೇಳಿಯೂ ಆಗಿತ್ತು.

ಪಂಚನಾಮೆಗೆ ಕಂಡದ್ದನ್ನೆಲ್ಲ ಬರೆಸುತ್ತ ಬಂದ ಇನ್‌ಸ್ಪೆಕ್ಟರ್ ಒಂದು ಕಡೆ ನಿಂತರು. ಬೀರುವಿನೊಳಗೆ ಟೇಪ್ ಯಂತ್ರ ಇದ್ದ ಜಾಗದಲ್ಲಿ ಅದರ ವೈರುಗಳು ಮಾತ್ರ ಉಳಿದಿದ್ದವು. ಕಳ್ಳ ಅವನ್ನು ಕಿತ್ತು ಬಿಸಾಡಿರಲಿಲ್ಲ. ಒಂದೊಂದನ್ನೂ ದುಂಡಗೆ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ, ಸಾಲಾಗಿ ಇಟ್ಟು ಹೋಗಿದ್ದ. ಇದು ನಿಮ್ಮವರು ಸುತ್ತಿದ್ದೇ ಎಂದು ಇನ್‌ಸ್ಪೆಕ್ಟರ್ ಕೇಳಿದರು.

ಇಂಜಿನಿಯರ್ ಒಂದು ಸುರುಳಿ ಎತ್ತಿ ಬಿಚ್ಚಿದ. ಅದು ಎಲ್ಲೂ ಗಂಟಾಗದೆ, ತಿರುಚಿಕೊಳ್ಳದೆ ನೆಲದ ಮೇಲೆ ನೇರ ಹರಡಿಕೊಂಡಿತು. ನಮ್ಮಲ್ಲಿ ಮೊಣಕೈಗೆ ಸುತ್ತಿ ಮೂಲೆಗೆ ಎಸೆಯುತ್ತಾರೆ ಮೇಡಂ, ಎಂದ. ಇದು ಒಂದು ಸುತ್ತು ಮೇಲಿಂದ, ಒಂದು ಸುತ್ತು ಕೆಳಗಿಂದ. ದಿನಾ ವೈರು ಬಿಚ್ಚಿ ಕಟ್ಟಿ ಹೊಟ್ಟೆ ಹೊರೆದವರ ಕೆಲಸ. ಮೈಕು ಬಾಡಿಗೆ ಅಂಗಡಿಯವರಿಗೆ ನಿದ್ದೆಯಲ್ಲೂ ಕೈ ಹೀಗೇ ಓಡುತ್ತದೆ. ಇಷ್ಟು ಹೇಳಿ ಅವನು ತಟ್ಟನೆ ಬಾಯಿ ಮುಚ್ಚಿಕೊಂಡ.

ಒಂದೂವರೆಗೆ ಇನ್‌ಸ್ಪೆಕ್ಟರ್ ತುದಿಯ ಅಂತಸ್ತಿಗೆ ಹೋದರು. ಪ್ರಶಸ್ತಿಗಳಿಂದ ಗೋಡೆಯೇ ಕಾಣುತ್ತಿರಲಿಲ್ಲ. ಕರೆಂಟ್ ಎದ್ದು ನಿಂತು ನಮಸ್ಕಾರ ಮಾಡಿದ. ದೊಡ್ಡ ಮೇಜಿನ ಹಿಂದೆ ಕೂರದೆ, ಬಂದವರು ಕೂರುವ ಕುರ್ಚಿಯಲ್ಲೇ ಕುಳಿತ. ವೇದಿಕೆಯ ಮೇಲೆ ಉಸಿರು ಬಿಡದೆ ಮಾತಿನ ಮಳೆಗರೆಯುವ ಮನುಷ್ಯ ಇಲ್ಲಿ ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ತಡವರಿಸುತ್ತಿದ್ದ.

"ಆ ಕ್ಯಾಸೆಟ್ಟುಗಳನ್ನ ಕೊನೇ ಸಲ ಯಾವಾಗ ಕೇಳಿದ್ದು?"

"ಹದಿನೈದು ವರ್ಷ ಆಗಿರಬಹುದು."

"ಮಧ್ಯೆ ಯಾವತ್ತೂ ಕೇಳಬೇಕು ಅನ್ನಿಸಲಿಲ್ವಾ?"

"ಆಗ ಅಣ್ಣ ಮಾತಾಡ್ತಿದ್ದ ಮೇಡಂ. ಟೇಪು ಯಾಕೆ ಬೇಕಿತ್ತು?"

ಇತ್ತೀಚೆಗೆ, ಮಾರಾಟ ಮುಗಿದ ಮೇಲೆ, ಒಂದು ಸಲ ಕೊಡಿ ಎಂದು ತಾನೇ ಮ್ಯಾನೇಜರನ್ನು ಕೇಳಿದ್ದಾಗಿ ಹೇಳಿದ. ಮ್ಯಾನೇಜರು ಒಪ್ಪಂದವನ್ನು ತಂದು ಮುಂದಿಟ್ಟರಂತೆ. ಕೊಡಬಾರದು ಎಂದು ಅದರಲ್ಲೇ ಇದೆ, ಎಲ್ಲ ಪುಟದಲ್ಲೂ ತನ್ನದೇ ಸಹಿ ಇದೆ ಎಂದು ನಗಲು ನೋಡಿದ. ನಗು ಬರಲಿಲ್ಲ. ಓದದೆ ಸಹಿ ಹಾಕಿದಿರಾ ಎಂದು ಕೇಳಿದ್ದಕ್ಕೆ, ಶೂಗೂ ನೀರಿಗೂ ಹಾಕುತ್ತ ಹಾಕುತ್ತ ಅದಕ್ಕೂ ಹಾಕಿಬಿಟ್ಟೆ ಎಂದ.

ಮಾತಾಡುತ್ತಲೇ ಅವನು ಟೀಪಾಯಿ ಮೇಲಿದ್ದ ಫೋನ್ ಚಾರ್ಜರಿನ ವೈರನ್ನು ಕೈಗೆತ್ತಿಕೊಂಡಿದ್ದ. ಒಂದು ಸುತ್ತು ಮೇಲಿಂದ, ಒಂದು ಸುತ್ತು ಕೆಳಗಿಂದ. ತುದಿಯನ್ನು ಒಳಗೆ ಸಿಕ್ಕಿಸಿ ಕೆಳಗಿಟ್ಟ. ತಾನು ಏನು ಮಾಡಿದೆನೆಂಬುದು ಅವನ ಗಮನದಲ್ಲೇ ಇರಲಿಲ್ಲ.

ಇನ್‌ಸ್ಪೆಕ್ಟರ್ ಎದ್ದಾಗ ಅವನೂ ಎದ್ದ. "ಇಂಜಿನಿಯರನ್ನ ಹಿಡಿದು ಕೂರಿಸಬೇಡಿ. ಅವನು ತಗೊಂಡಿಲ್ಲ."

"ನಿಮಗೆ ಹೇಗೆ ಗೊತ್ತು?"

"ಗೊತ್ತು ಮೇಡಂ."

ಕೆಳಗಿಳಿದು ಬಂದ ಇನ್‌ಸ್ಪೆಕ್ಟರ್ ಕ್ಯಾಮೆರಾದ ಚಿತ್ರಗಳನ್ನು ನೋಡಿದರು. ಸ್ಟುಡಿಯೋ ಅಂತಸ್ತಿನ ಕ್ಯಾಮೆರಾದಲ್ಲಿ ಬುಧವಾರ ಮಧ್ಯಾಹ್ನದ ಮುಕ್ಕಾಲು ಗಂಟೆಯ ಚಿತ್ರವೇ ಇರಲಿಲ್ಲ. ಬಾಗಿಲ ಕಾವಲುಗಾರನನ್ನು ಕರೆಸಿ, ಆ ಹೊತ್ತಿನಲ್ಲಿ ಯಾರ್ಯಾರು ಮೇಲೆ ಹೋದರು ಎಂದು ಕೇಳಿದರು. ಒಂದು ನರಪಿಳ್ಳೆಯೂ ಹೋಗಿಲ್ಲ ಎಂದು ಅವನು ಎದೆಯುಬ್ಬಿಸಿ ಹೇಳಿದ. ಹಾಗಾದರೆ ಕ್ಯಾಮೆರಾ ಯಾಕೆ ನಿಂತಿತ್ತು ಎಂದರೆ, ಸಾರ್ ಹಾಡಲು ಬಂದಾಗ ನಿಲ್ಲಿಸಬೇಕೆಂದು ಕಂಪನಿಯ ನಿಯಮ, ಹೊಸ ಹಾಡು ಹೊರಗೆ ಸೋರಬಾರದಲ್ಲ ಎಂದ.

"ಅಂದ್ರೆ ಬುಧವಾರ ಸಾರ್ ಬಂದಿದ್ರು?"

"ಬಂದಿದ್ರು. ಹೋಗ್ತಾ ಕೈಯಲ್ಲಿ ದೊಡ್ಡ ಬ್ಯಾಗಿತ್ತು. ನಾನೇ ಕಾರಲ್ಲಿಟ್ಟೆ."

"ಯಾರೂ ಬಂದಿಲ್ಲ ಅಂದ್ಯಲ್ಲಪ್ಪ?"

"ಸಾರ್ ಬರೋದು ಬಂದ ಹಾಗಾ ಮೇಡಂ? ಅವರದೇ ಜಾಗ ಅಲ್ವಾ."

ಹೆಡ್ ಕಾನ್‌ಸ್ಟೆಬಲ್ ಹಣೆ ಚಚ್ಚಿಕೊಂಡ. ಜೀಪಿನಲ್ಲಿ ಕುಳಿತ ಮೇಲೆ, ಕಂಪನಿಯೂ ಅವರದೇ, ಕ್ಯಾಸೆಟ್ಟೂ ಅವರದೇ, ಕದ್ದವರೂ ಅವರೇ, ಇದನ್ನು ಯಾವ ಬಾಯಲ್ಲಿ ಬರೆಯಲಿ ಎಂದ. ಕ್ಯಾಸೆಟ್ಟು ಅವರದಲ್ಲ, ಮಾರಿ ಆಗಿದೆ ಎಂದರು ಇನ್‌ಸ್ಪೆಕ್ಟರ್. ಹೆಡ್ ಕಾನ್‌ಸ್ಟೆಬಲ್ ಮಗಳಿಗೋಸ್ಕರ ಒಂದು ಸಹಿ ಹಾಕಿಸಿಕೊಳ್ಳೋಣ ಅಂತಿದ್ದೆ ಮೇಡಂ ಎಂದು ಸಣ್ಣ ದನಿಯಲ್ಲಿ ಹೇಳಿದ.

ಇನ್‌ಸ್ಪೆಕ್ಟರ್ ಮ್ಯಾನೇಜರಿಗೆ ಫೋನಿನಲ್ಲಿ ತಿಳಿಸಿದರು. ದೂರು ವಾಪಸ್ ತೆಗೆದುಕೊಳ್ಳುತ್ತೇನೆ, ಮಾನ ಹರಾಜಾಗುತ್ತದೆ ಎಂದು ಅವರು ಗೋಗರೆದರು. ಎಫ್‌ಐಆರ್ ಕೋರ್ಟಿಗೆ ಹೋಗಿ ಆಗಿದೆ, ಹೇಳಿಕೊಳ್ಳುವುದಿದ್ದರೆ ಅಲ್ಲಿ ಹೇಳಿಕೊಳ್ಳಿ, ಮೊದಲು ಆ ಇಂಜಿನಿಯರನ್ನು ಕೆಲಸಕ್ಕೆ ಕರೆಯಿರಿ ಎಂದು ಇನ್‌ಸ್ಪೆಕ್ಟರ್ ಫೋನಿಟ್ಟರು.

ಶುಕ್ರವಾರ ಬೆಳಿಗ್ಗೆ ಕರೆಂಟ್ ಕಚೇರಿಯಲ್ಲೂ ಇರಲಿಲ್ಲ, ಅವನ ದೊಡ್ಡ ಮನೆಯಲ್ಲೂ ಇರಲಿಲ್ಲ. ಎಲ್ಲಿರಬಹುದೆಂದು ಇನ್‌ಸ್ಪೆಕ್ಟರಿಗೆ ಅಂದಾಜಿತ್ತು. ಹಳೆಯ ಮೈಕು ಅಂಗಡಿಯ ಷಟರ್ ಮುಚ್ಚಿತ್ತು. ಪಕ್ಕದಲ್ಲಿ ಒಬ್ಬರೇ ಹತ್ತಬಹುದಾದ ಮೆಟ್ಟಿಲು, ಮೇಲೆ ಅಣ್ಣನ ಎರಡು ಕೋಣೆಯ ಮನೆ. ಅರ್ಧ ಹತ್ತುವಾಗಲೇ ಒಳಗಿನಿಂದ ಹಾಡು ಕೇಳಿಸಿತು. ಎಳೆಯ ಗಂಟಲು, ಎಡವಿ ಬಿದ್ದು ಎದ್ದು ಓಡುವ ಮಾತು. ಹಾಡು ನಡುವೆಯೇ ನಿಂತಿತು. ಇನ್ನೊಂದು ದಪ್ಪ ದನಿ ಹೇಳಿತು:

"ಲೋ ಗುಬ್ಬಿ, ಉಸಿರು ತಗೊಳ್ಳೋ. ಹಾಡೇನು ಓಡಿಹೋಗಲ್ಲ."

ಬಾಗಿಲು ತೆಗೆದ ಅತ್ತಿಗೆ ಖಾಕಿ ಬಟ್ಟೆ ಕಂಡು ಬಾಗಿಲಲ್ಲೇ ಅಡ್ಡ ನಿಂತಳು. ಕಿಟಕಿಯ ಹತ್ತಿರ ಅಣ್ಣ ಕುರ್ಚಿಯಲ್ಲಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅವರ ಕಾಲಬುಡದಲ್ಲಿ, ನೆಲದ ಮೇಲೆ, ಟೇಪ್ ಯಂತ್ರದ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ ಕರೆಂಟ್. ಪೊಲೀಸರನ್ನು ಕಂಡು ಎದ್ದ. ಬಿಡಿ ಅತ್ತಿಗೆ, ನನಗಾಗಿಯೇ ಬಂದಿದ್ದಾರೆ ಎಂದ.

ಪಂಚನಾಮೆಗೆ ಸಾಕ್ಷಿಯಾಗಿ ಇಬ್ಬರು ಪಂಚರು ಬೇಕಿತ್ತು. ಎದುರಿನ ದರ್ಜಿಯನ್ನೂ ಪಕ್ಕದ ಪತ್ರಿಕೆ ಅಂಗಡಿಯವನನ್ನೂ ಕರೆದುಕೊಂಡು ಬಂದ ಹೆಡ್ ಕಾನ್‌ಸ್ಟೆಬಲ್, ಕ್ಯಾಸೆಟ್ಟುಗಳ ಮೇಲಿನ ಚೀಟಿ ನೋಡಿ ಬರೆದುಕೊಳ್ಳಲು ಶುರುಮಾಡಿದ. ಇನ್‌ಸ್ಪೆಕ್ಟರ್ ತಡೆದರು.

"ಒಳಗೆ ಏನಿದೆ ಅಂತ ಕೇಳದೆ ಹೇಗೆ ಬರೆಯೋದು? ಹಾಕಿ."

"ಆರೂನಾ ಮೇಡಂ?"

"ಆರೂ. ಎರಡೂ ಕಡೆ."

ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥ ಪಂಚನಾಮೆ ಅವನು ಕಂಡಿರಲಿಲ್ಲ. ಆದರೂ ಬಾಯಿ ಬಿಡದೆ ಗೋಡೆಗೆ ಒರಗಿ ಕುಳಿತ. ಮಧ್ಯಾಹ್ನವೆಲ್ಲ ಆ ಸಣ್ಣ ಕೋಣೆಯಲ್ಲಿ ಏಳು ಜನ ಕೂತು ಕೇಳಿದರು. ಹಾಡಿಗಿಂತ ಬೈಗುಳವೇ ಹೆಚ್ಚಿತ್ತು. ತಮ್ಮ ಪ್ರಾಸಕ್ಕಾಗಿ ಒದ್ದಾಡುತ್ತಿದ್ದ, ಅಣ್ಣ ಅಣಕಿಸುತ್ತಿದ್ದ. ತಮ್ಮ ಮುನಿಸಿಕೊಂಡು ಎದ್ದು ಹೋದದ್ದು, ಅಣ್ಣ ಒಬ್ಬನೇ ಉಳಿದು ಕೆಟ್ಟ ರಾಗದಲ್ಲಿ ಅದೇ ಹಾಡು ಹಾಡಿದ್ದು, ತಮ್ಮ ನಗು ತಡೆಯಲಾರದೆ ವಾಪಸ್ ಬಂದದ್ದು ಎಲ್ಲವೂ ಅದರಲ್ಲಿತ್ತು. ದರ್ಜಿ ಬಿದ್ದು ಬಿದ್ದು ನಕ್ಕ. ಕುರ್ಚಿಯಲ್ಲಿದ್ದ ಅಣ್ಣ ಸದ್ದಿಲ್ಲದೆ ನಗುತ್ತಿದ್ದರು, ಮೈಯೆಲ್ಲ ಕುಲುಕುತ್ತಿತ್ತು.

"ಇವರ ದನಿ ಇಷ್ಟು ದಪ್ಪ ಇತ್ತಾ" ಎಂದಳು ಅತ್ತಿಗೆ. "ನಾನು ಮರೆತೇಬಿಟ್ಟಿದ್ದೆ."

ಕೊನೆಯ ಕ್ಯಾಸೆಟ್ಟು ಮುಗಿದು ಗುಂಡಿ ತಾನಾಗಿ ಮೇಲೆದ್ದಿತು. ಐದೂ ಹತ್ತಕ್ಕೆ ಮಾಲನ್ನು ವಶಕ್ಕೆ ಪಡೆದು ಬಟ್ಟೆಯಲ್ಲಿ ಹೊಲಿದು ಅರಗಿನ ಮೊಹರು ಹಾಕಿದರು. ಬಂಧನದ ವಿಷಯವನ್ನು ಸಂಬಂಧಿಕರೊಬ್ಬರಿಗೆ ತಿಳಿಸಿ ಸಹಿ ಪಡೆಯುವುದು ನಿಯಮ. ಯಾರಿಗೆ ತಿಳಿಸಲಿ ಎಂದು ಕೇಳಿದರೆ, ಅಣ್ಣನಿಗೆ ಎಂದ ಕರೆಂಟ್. ಅಣ್ಣ ಎಡಗೈಯಲ್ಲಿ ಪೆನ್ನು ಹಿಡಿದು ಬಹಳ ಹೊತ್ತು ತೆಗೆದುಕೊಂಡು ಸಹಿ ಮಾಡಿದರು. ಆಮೇಲೆ ಅದೇ ಕೈಯಿಂದ ತಮ್ಮನ ಅಂಗಿಯ ಕಾಲರನ್ನು ಸರಿಮಾಡಿದರು. ಇಷ್ಟು ಹೊತ್ತು ಗಟ್ಟಿಯಾಗಿದ್ದವನು ಆಗ ಅತ್ತುಬಿಟ್ಟ. ಹೆಡ್ ಕಾನ್‌ಸ್ಟೆಬಲ್ ಕೋಳ ಹೊರತೆಗೆಯಲಿಲ್ಲ.

ಠಾಣೆಯಲ್ಲಿ ಹೇಳಿಕೆ ದಾಖಲಾಯಿತು. ಆರೋಪಿ ಎಲ್ಲವನ್ನೂ ಒಪ್ಪಿಕೊಂಡ. ಅಣ್ಣನನ್ನು ದೊಡ್ಡ ದೊಡ್ಡ ಡಾಕ್ಟರಿಗೆ ತೋರಿಸಿದ್ದ. ಗುಂಡಿ ಒತ್ತಿದರೆ ಮಾತಾಡುವ ಯಂತ್ರವನ್ನೂ ತರಿಸಿದ್ದ. ಒಂದು ದಿನ ಅದರಿಂದ ಅಣ್ಣ ಗುಬ್ಬಿ ಎಂದು ಕರೆಸಿದರಂತೆ. ಯಾರದೋ ದನಿ, ತನ್ನನ್ನೇ ಕರೆದದ್ದೆಂದು ತಿಳಿಯದೆ ತಿರುಗಿ ಕೂಡ ನೋಡಲಿಲ್ಲವಂತೆ. ಅಣ್ಣ ಆ ಯಂತ್ರವನ್ನು ಮತ್ತೆ ಮುಟ್ಟಲಿಲ್ಲ. ತನ್ನ ಹೆಸರು ಬಾಟಲಿ ಬಾಟಲಿಯ ಮೇಲಿದೆ, ಆದರೆ ಗುಬ್ಬಿ ಎಂದು ಕರೆಯುವವರು ಭೂಮಿಯ ಮೇಲೆ ಒಬ್ಬರೇ ಇದ್ದರು ಎಂದ.

ಇನ್‌ಸ್ಪೆಕ್ಟರಿಗೆ ಒಂದು ಪ್ರಶ್ನೆ ಉಳಿದಿತ್ತು. ತನಿಖೆಗೆ ಅದು ಬೇಕಿರಲಿಲ್ಲ, ಆದರೂ ಕೇಳಿದರು.

"ಬುಧವಾರದಿಂದ ಕ್ಯಾಸೆಟ್ಟು ನಿಮ್ಮ ಹತ್ತಿರಾನೇ ಇತ್ತು. ಜೇಬಲ್ಲಿ ಫೋನಿತ್ತು. ಅದರಲ್ಲಿ ರೆಕಾರ್ಡ್ ಮಾಡ್ಕೊಂಡು ವಾಪಸ್ ಇಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಯಾಕೆ ಮಾಡ್ಕೊಳ್ಳಲಿಲ್ಲ?"

ಅವನು ಮುಖವೆತ್ತಿ ನೋಡಿದ. ಆ ಯೋಚನೆ ಅವನಿಗೆ ಆಗಲೇ ಮೊದಲ ಸಲ ಬಂದಂತಿತ್ತು.

"ಹೊಳೀಲೇ ಇಲ್ಲ ಮೇಡಂ. ಮುಗಿದ ಕೂಡ್ಲೇ ಅಣ್ಣ ಇನ್ನೊಂದ್ಸಲ ಅಂತ ಬೆರಳೆತ್ತುತ್ತಿದ್ದ. ನಾನು ಹಾಕ್ತಾ ಇದ್ದೆ."

ಹೆಡ್ ಕಾನ್‌ಸ್ಟೆಬಲ್ ಅದನ್ನು ಹೇಳಿದ ಹಾಗೇ ಬರೆದುಕೊಂಡು, ಕೆಳಗೆ ಸಹಿ ಮಾಡಲು ಹಾಳೆಯನ್ನು ಅವನ ಕಡೆ ಸರಿಸಿದ. ಅವನು ಈ ಸಲ ಪೂರ್ತಿ ಓದಿ ಸಹಿ ಮಾಡಿದ.