ಖಾಲಿ ಗೂಡಿನ ಗಾಳಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ಹಾಡುಹಗಲಲ್ಲೇ ನಡೆದದ್ದು. ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಸ್ವಿಚ್ಚು ಎಂಬ ಪೆಟ್ಟಿಗೆಯ ಫ್ಯಾನು ಕೆಟ್ಟು ನಿಂತಿತ್ತು. ಬದಲಾಯಿಸಲು ಹೋದವರು ನಾನು ಮತ್ತು ನನ್ನ ಭಾವ. ಸ್ವಿಚ್ಚು ಕಾದು ಆಫಾದರೆ ಇಡೀ ಆಸ್ಪತ್ರೆಯ ಫೋನು, ಕಂಪ್ಯೂಟರು ಎಲ್ಲಾ ಬಂದ್.

ಸ್ವಿಚ್ಚು ಚಾಲೂ ಇರುವಾಗಲೇ ಭಾವ ಹಳೆಯ ಫ್ಯಾನನ್ನು ಎಳೆದು ತೆಗೆದರು. ಆಮೇಲೆ ಹೊಸದರ ಡಬ್ಬಿ ಬಿಚ್ಚಿ ತಲೆ ಚಚ್ಚಿಕೊಂಡರು. ನಾನು ತಂದದ್ದು ಉಲ್ಟಾ ಊದುವ ಫ್ಯಾನು. ಹಾಕಿದರೆ ಬಿಸಿಗಾಳಿಯನ್ನು ವಾಪಸ್ ಒಳಗೇ ನೂಕುತ್ತದೆ.

"ನಿಮ್ಮಕ್ಕನ ಮುಖ ನೋಡಿ ಸುಮ್ನಿದೀನಿ ಕಣೋ," ಎಂದರು.

ಅಷ್ಟರಲ್ಲಿ ಫ್ಯಾನಿನ ಖಾಲಿ ಗೂಡಿನಿಂದ ತಣ್ಣನೆಯ ಗಾಳಿ ಬಂತು. ನಿಂತಿತು. ಮತ್ತೆ ಬಂತು, ಯಾರೋ ಮಲಗಿ ಉಸಿರಾಡಿದ ಹಾಗೆ. ನೋಡನೋಡುತ್ತ, ಕಾದಿದೆ ಎಂದು ಉರಿಯುತ್ತಿದ್ದ ಸ್ವಿಚ್ಚಿನ ಕೆಂಪು ದೀಪ ಹಸಿರಾಯಿತು.

"ಭಾವ, ಒಳಗೆ ಫ್ಯಾನೇ ಇಲ್ವಲ್ಲ!"

"ಮೆಲ್ಲಗೆ ಮಾತಾಡೋ. ಕೆಲಸ ಮಾಡ್ತಿರೋದನ್ನ ಮುಟ್ಟಬಾರದು," ಎನ್ನುತ್ತ ಭಾವ ಬಾಗಿಲ ಕಡೆಗೆ ಹಿಂಹಿಂದಕ್ಕೇ ನಡೆದರು.

ಸರಿಯಾದ ಫ್ಯಾನು ಮಾರನೇ ದಿನವೇ ಬಂತು. ಹಾಕಲು ಭಾವ ಬಿಡಲಿಲ್ಲ. ಆ ಗೂಡು ಇವತ್ತಿಗೂ ಖಾಲಿ. ಆಸ್ಪತ್ರೆಯ ಒಂದು ಫೋನೂ ನಿಂತಿಲ್ಲ.

ಹೋದ ವಾರ ಧೂಳು ತೆಗೆಯಲು ಇಬ್ಬರೂ ಹೋಗಿದ್ದೆವು. ಗೂಡಿನೊಳಗೆ ಬ್ರಶ್ ಆಡಿಸಿದೆ. ಯಾರೋ ಸೀನಿದರು.

ನಾನು ಭಾವನ ಮುಖ ನೋಡಿದೆ. ಭಾವ ಆಗಲೇ ನನ್ನ ಮುಖ ನೋಡುತ್ತಿದ್ದರು.