ಕೆಂಚನಗುಡ್ಡದ ಮೂರು ಎಕರೆ

“ಆ ಹೊಲಾನ ಯಾರ ಹೆಸರಿಗೂ ಬರೀಬ್ಯಾಡ್ರಿ ಸ್ವಾಮೇರ, ಕೈ ಮುಗೀತೀನಿ.”

ಹೊನ್ನೂರಪ್ಪ ಒಳಗೆ ಬರಲೊಪ್ಪದೆ ಕಂಟೋನ್ಮೆಂಟಿನ ರಾಘಣ್ಣನವರ ಮನೆಯ ಮೆಟ್ಟಿಲ ಮೇಲೆಯೇ ಕುಳಿತಿದ್ದ. ಕೆಂಚನಗುಡ್ಡದ ಹೊಳೆದಂಡೆಯಲ್ಲಿ ಅವರಿಗಿದ್ದ ಮೂರು ಎಕರೆಯನ್ನು ನಲವತ್ತು ವರ್ಷದಿಂದ ಪಾಲಿಗೆ ಉಳುತ್ತಿದ್ದವನು ಅವನೇ.

ಗಣಿತದ ಮೇಷ್ಟ್ರಾಗಿ ನಿವೃತ್ತರಾದ ರಾಘಣ್ಣ ನಕ್ಕರು. ಬೆಳಗಿನ ವಾಕಿಂಗು, ಸಂಧ್ಯಾವಂದನೆ, ಪೇಪರು, ಬಿ.ಪಿ. ಮಾತ್ರೆ, ಇಷ್ಟೇ ಅವರ ದಿನಚರಿ. ಬದುಕಿನಲ್ಲಿ ಬಾಕಿಯಿದ್ದ ಕೆಲಸವೆಂದರೆ ಉಯಿಲು ಒಂದೇ.

“ಯಾಕೋ, ದೆವ್ವ ಬಂದು ಪಹಣಿ ಕೇಳ್ತದೇನು?”

“ನಗಬ್ಯಾಡ್ರಿ. ನಿಮ್ಮ ತಾತನೋರು ಒಬ್ಬ ವಿಧವಿ ಕಡಿಂದ ಮೋಸದಾಗ ಹೆಬ್ಬೆಟ್ಟು ಒತ್ತಿಸಿಕೊಂಡ ಹೊಲ ಅದು. ಆಕಿ ಮಾಟ ಮಾಡಿಸಿ ಹೋಗ್ಯಾಳ. ಇನ್ನ ಮ್ಯಾಲ ಈ ಹೊಲಕ್ಕ ಯಾರ ಹೆಸರು ಬರೀತಾರೋ ಅವರ ಬಾಯಿಗೆ ಈ ಮಣ್ಣ ಬೀಳಲಿ ಅಂತ. ಅದಕ್ಕ ನಿಮ್ಮಪ್ಪನೋರು ಖಾತಾ ಬದಲಿ ಮಾಡಸ್ಲಿಲ್ಲ.”

ಪಹಣಿ ಇನ್ನೂ ತಾತನ ಹೆಸರಲ್ಲೇ ಇತ್ತು, ನಿಜ. ಅದು ಅಪ್ಪನ ಸೋಮಾರಿತನ ಎಂದೇ ರಾಘಣ್ಣ ತಿಳಿದಿದ್ದರು.

ಮರುದಿನ ಬೆಳಿಗ್ಗೆ ವಕೀಲ ಉಮಾಪತಿ ಟೈಪು ಮಾಡಿದ ಉಯಿಲು ತಂದರು. ಮನೆ ಹೆಂಡತಿ ಇಂದಿರಾಬಾಯಿಗೆ. ಹೊಲ, ಬೇಸಿಗೆ ರಜೆಗೆ ಬಂದಿದ್ದ ಎಂಟು ವರ್ಷದ ಮೊಮ್ಮಗಳು ಶ್ರೀಕೃತಿಗೆ. ರಾಘಣ್ಣ ಸಹಿ ಮಾಡಿದರು, ಪಕ್ಕದ ಮನೆಯ ಇಬ್ಬರು ಸಾಕ್ಷಿ ಹಾಕಿದರು.

ಮಧ್ಯಾಹ್ನ ಬಿಸಿಲಿಗೆ ಹೆದರಿ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿದ್ದರು. ಕತ್ತಲಾದ ನಡುಮನೆಯಲ್ಲಿ ಕೂಲರಿನ ಗೊರಗೊರ ಸದ್ದು. ಇದ್ದಕ್ಕಿದ್ದಂತೆ ಎಲ್ಲಿಂದಲೋ ನೆನೆದ ಎರೆಮಣ್ಣಿನ ವಾಸನೆ ಹಬ್ಬಿತು. ತಿಂಗಳಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ.

“ತಾತಾ, ಅನ್ನದಾಗ ಮಣ್ಣು ಅದ.”

ಇಂದಿರಾಬಾಯಿ ತಟ್ಟೆ ನೋಡಿದರು. ಅನ್ನ ಮಲ್ಲಿಗೆಯಂತಿತ್ತು. ಮಗುವಿನ ನಾಲಿಗೆ ಮಾತ್ರ ಕಪ್ಪಾಗಿತ್ತು.

ಬಾಯಿ ತೊಳೆಸಿದರು. ಮತ್ತೆ ತುಂಬಿತು. ರಾಘಣ್ಣ ಬೆರಳು ಹಾಕಿ ತೋಡಿದರು. ಬೆಚ್ಚಗಿನ, ಅಂಟಂಟಾದ ಕರಿಮಣ್ಣು. ಅದರೊಳಗೆ ಎಳೆ ಬೇರುಗಳು. ತೋಡಿದಷ್ಟೂ ಒಳಗಿನಿಂದ ಬರುತ್ತಿತ್ತು. ಇಂದಿರಾಬಾಯಿ ಆಟೋ ತರಲು ಬರಿಗಾಲಲ್ಲೇ ಓಡಿದರು.

ರಾಘಣ್ಣ ಉಯಿಲನ್ನು ಹರಿದರು. ಚೂರು ಚೂರು ಮಾಡಿದರು. ಏನೂ ಆಗಲಿಲ್ಲ. ಮಗುವಿನ ತುಟಿ ನೀಲಿಗಟ್ಟುತ್ತಿತ್ತು. ಹೊನ್ನೂರಪ್ಪನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

“ಹರಿದ್ರ ಹೋಗಂಗಿಲ್ರಿ,” ಎಂದ ಹೊನ್ನೂರಪ್ಪ. “ಆ ಹೊಲಕ್ಕ ಬ್ಯಾರೆ ಹೆಸರು ಬರದು ಸಹಿ ಮಾಡ್ಬೇಕು. ಉಸಿರಾಡೋರ ಹೆಸರ ಆಗ್ಬೇಕ್ರಿ. ಲಗೂ ಮಾಡ್ರಿ!”

ಬಿಳಿ ಹಾಳೆ. ಪೆನ್ನು. ರಾಘಣ್ಣ ‘ರಾ’ ಎಂದು ಬರೆದರು. ಅವರದೇ ಹಲ್ಲಿನ ನಡುವೆ ಏನೋ ಕರಕ್ಕೆಂದಿತು. ಒಂದೇ ಒಂದು ಕಣ ಮಣ್ಣು. ಕೈ ನಿಂತುಬಿಟ್ಟಿತು. ಬರೆದದ್ದನ್ನು ಹೊಡೆದುಹಾಕಿದರು.

ನಲವತ್ತು ವರ್ಷ ಉತ್ತವನದೇ ಅಲ್ಲವೇ ಹೊಲ? ಅವನಿಗೆ ಕೊಟ್ಟರೆ ನ್ಯಾಯವೇ ಆಯಿತಲ್ಲ?

ಆ ಹೆಸರು ಬರೆದರು. ಸಹಿ ಮಾಡಿದರು.

ಶ್ರೀಕೃತಿ ಒಮ್ಮೆ ಜೋರಾಗಿ ಕೆಮ್ಮಿದಳು. ಉಸಿರೆಳೆದಳು. “ತಾತಾ, ನೀರು.”

“ಕೂಸು ಮಾತಾಡ್ತಲ್ರಿ!” ಫೋನಿನಲ್ಲಿ ಹೊನ್ನೂರಪ್ಪನ ದನಿ ಹಿಗ್ಗಿತು. “ಬದುಕ್ತು ಬಿಡ್ರಿ, ದೇವರು ದೊಡ್ಡವ. ಯಾರ ಹೆಸರು ಬರದ್ರಿ ಸ್ವಾಮೇರ?”

ರಾಘಣ್ಣ ಮಗುವಿನ ಬಾಯಿಗೆ ನೀರಿನ ಲೋಟ ಹಿಡಿದರು.

“ಸ್ವಾಮೇರ?”

ಒಂದು ಕೆಮ್ಮು. ಇನ್ನೊಂದು. ಉಗುಳಿದ ಸದ್ದು.

“ನನ್ನ ಹೆಸರಾ?”

ಕೋಪವಿರಲಿಲ್ಲ ಆ ದನಿಯಲ್ಲಿ. ಕೇಳಿದ್ದು ಅಷ್ಟೇ. ಬಳಿಕ ಮಾತು ಹೊರಡಲಿಲ್ಲ. ಹಸಿ ಮಣ್ಣು ಕಲಸಿದಂಥ ಸದ್ದು, ದೂರದಲ್ಲಿ ಅವನ ಹೆಂಡತಿ ಹೊನ್ನೂರಮ್ಮನ ಚೀರಾಟ. ಹಾಳೆ ಮುಂದೆಯೇ ಇತ್ತು. ಇನ್ನೊಂದು ಹೆಸರು ಬರೆಯಲು ಜಾಗವೂ ಇತ್ತು. ರಾಘಣ್ಣ ಪೆನ್ನಿನ ಮುಚ್ಚಳ ಹಾಕಿದರು.

ಆಟೋ ನಿಂತ ಸದ್ದಾಯಿತು. ಓಡಿಬಂದ ಇಂದಿರಾಬಾಯಿ ಮೊಮ್ಮಗಳನ್ನು ಬಾಚಿ ತಬ್ಬಿಕೊಂಡರು. ಎಷ್ಟೋ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಕೇಳಿದರು:

“ಹೊನ್ನೂರಪ್ಪಗ ಫೋನ್ ಮಾಡಿದ್ರಾ? ಏನಂದ?”

“ಲೈನ್ ಸಿಗಲಿಲ್ಲ,” ಎಂದರು ರಾಘಣ್ಣ.