ಬಾಲವಿಲ್ಲದ ಇಲಿಗಳ ಮೂರಂತಸ್ತಿನ ಮನೆ

ಮರಗಳೂ ಮಧ್ಯಾಹ್ನ ಮಲಗಿ ಏಳುತ್ತಿದ್ದ ಕಾಲದಲ್ಲಿ, ಬಾಲವನ್ನು ಎಲ್ಲೋ ಮರೆತು ಬಂದ ಮೂರು ಇಲಿಗಳಿದ್ದವಂತೆ. ಅವಕ್ಕೆ ಮನೆಯಿರಲಿಲ್ಲವಂತೆ. ಕಟ್ಟಿಕೊಡುತ್ತೇನೆ ಎಂದು ಒಬ್ಬ ಬಡಿಗ ಮಾತು ಕೊಟ್ಟನಂತೆ...

ಗುಡ್ಡವ್ವಜ್ಜಿ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಮೊಮ್ಮಗಳು ಸುಮನ ಮುಂದೇನು ಎಂದು ಕೇಳಿದರೆ, “ಅವ ಬಂದ್ ಮ್ಯಾಲ ಹೇಳ್ತೀನಿ” ಎನ್ನುತ್ತಿದ್ದಳು.

ಆ ಬಡಿಗನ ಹೆಸರು ದುಂಡೇಶ. ಸುಮನ ಅವನನ್ನು ಮೊದಲು ಕಂಡದ್ದು ಗೋಕಾಕದ ಒಂದು ಕಟ್ಟಿಗೆ ಅಂಗಡಿಯಲ್ಲಿ. ಕಾಲೇಜೊಂದರ ಪ್ರಯೋಗಾಲಯದಲ್ಲಿ ಆರು ವರ್ಷ ಪ್ರಾಣಿಗಳನ್ನು ನೋಡಿಕೊಂಡವಳು ಅವಳು. ಅಲ್ಲಿ ಪ್ರಾಣಿಗಳ ಕೋಣೆ ಮುಚ್ಚಿದಾಗ ಉಳಿದ, ಬಾಲವಿಲ್ಲದ ಮೂರು ಗಿನಿಪಿಗ್‌ಗಳನ್ನು ಬೇಡಿ ಮನೆಗೆ ತಂದಿದ್ದಳು. ಗೋಕಾಕ ಫಾಲ್ಸ್‌ನಲ್ಲಿ ಅಜ್ಜಿ, ಮೊಮ್ಮಗಳಿಗೆ ಇದ್ದದ್ದು ಒಂದೇ ಕೋಣೆ. ನೆಲದ ಮೇಲೆ ಜಾಗವಿಲ್ಲ. ಗೂಡನ್ನು ಮೇಲಕ್ಕೇ ಕಟ್ಟಬೇಕಿತ್ತು.

ಅವಳು ಬರೆದು ತಂದಿದ್ದ ಚಿತ್ರ ನೋಡಿ ದುಂಡೇಶ ನಕ್ಕುಬಿಟ್ಟ.

“ಇಲಿಗೆ ಮೂರ್ ಅಂತಸ್ತೇನ್ರಿ? ನಾವ್ ಆರ್ ಮಂದಿ ಒಂದ ತಗಡಿನ ಪತ್ರಾಸಿನ ಬುಡಕ ಅದೀವಿ.”

“ಇಲಿ ಅಲ್ರಿ ಅವು. ನಗೋದಿದ್ರ ನಾ ಬ್ಯಾರೆ ಕಡಿ ಹೋಗ್ತೀನಿ.”

ಅವನು ತಲೆ ಎತ್ತಿದ. ಬೆಳಗಿನಿಂದ ನಿಂತೇ ದುಡಿದಿದ್ದ ಹುಡುಗಿ, ಒಂದು ಪಾದವನ್ನು ಚಪ್ಪಲಿಯಿಂದ ಹೊರಗೆ ಎಳೆದು ಹಲಗೆಗಳಿಗೆ ಒರಗಿದ್ದಳು. ಅವನ ನಗು ಇಳಿಯಿತು. ಸ್ಟೂಲು ಸರಿಸಿದ.

“ಮೊದಲ ಕುಂಡರ್ರಿ.”

ಕೂತುಕೋ ಎಂದು ಯಾರಾದರೂ ಹೇಳಿ ಎಷ್ಟು ದಿನವಾಗಿತ್ತು... ಅವಳಿಗೆ ನೆನಪಾಗಲಿಲ್ಲ.

ಭಾನುವಾರಗಳಂದು ಅವನು ತನ್ನೂರು ಕುಲಗೋಡದಿಂದ ಬಸ್ಸಿನಲ್ಲಿ ಬರತೊಡಗಿದ. ಅಜ್ಜಿಯ ಬಾಗಿಲು ಮುರಿದ ಕಪಾಟೇ ಗೂಡಾಯಿತು. ಮೇಲಿನ ಎರಡು ಹಲಗೆಗಳಿಗೆ ಕಿಂಡಿ ಕೊರೆದು, ಕೆಳಗಿನಿಂದ ಹತ್ತಲು ಓರೆ ಹಲಗೆ ಇಟ್ಟ. ಕಡಿದಾಗಿತ್ತು, ಮೂರೂ ಮೇಲಕ್ಕೆ ನೋಡಿ ಅಲ್ಲೇ ಕುಳಿತುಬಿಟ್ಟವು. ಮುಂದಿನ ವಾರ ಉದ್ದನೆಯ ಹಲಗೆ ತಂದು, ಕಾಲೂರಲು ಅಡ್ಡಪಟ್ಟಿ ಹೊಡೆದು, ಎರಡೂ ಬದಿಗೆ ತಡೆ ಕಟ್ಟಿದ. ಕೆಳಗಿನ ಆಳ ಕಂಡರೆ ಕುರಿಮರಿಯೂ ಹೆಜ್ಜೆ ಇಡುವುದಿಲ್ಲ ಎಂದ. ಅವನದು ಕುರಿ ಕಾಯುವ ಮನೆತನ.

ಎಲ್ಲಕ್ಕಿಂತ ಚಿಕ್ಕದು ತುದಿಯವರೆಗೆ ಹತ್ತಿದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

ಐದನೆಯ ಭಾನುವಾರ ಉಳಿದದ್ದು ಜಾಳಿಗೆಯ ಬಾಗಿಲೊಂದೇ. ಅದನ್ನು ಹಚ್ಚದೆ ಬಿಡುವುದಿಲ್ಲ ಎಂದು ಅವನು ಅಜ್ಜಿಗೆ ಮಾತು ಕೊಟ್ಟ. ಸುಮನ ಹೊರಗೆ ಅಂಗಡಿಯಿಂದ ಚಹಾ ತರಲು ಎದ್ದಳು. ಮರಳಿ ಬಂದು ನೋಡಿದರೆ ಮೂರರ ಬೆನ್ನ ಮೇಲೂ ಹೆಬ್ಬೆರಳಗಲ ಕೆಂಪು ಬಣ್ಣ.

ಚಹಾದ ಲೋಟವನ್ನು ನೆಲಕ್ಕಿಟ್ಟುಬಿಟ್ಟಳು.

ಪ್ರಯೋಗಾಲಯದಲ್ಲಿ ಬೆನ್ನಿಗೆ ಬಣ್ಣ ಬಿದ್ದ ಪ್ರಾಣಿ ಮಂಗಳವಾರ ಒಳಕೋಣೆಗೆ ಹೋಗುತ್ತಿತ್ತು. ಮರಳುತ್ತಿರಲಿಲ್ಲ. ಆರು ವರ್ಷ ಆ ಬಣ್ಣ ಹಚ್ಚಿದ ಕೈ ಅವಳದೇ.

“ಯಾರ್ ಹೇಳಿದ್ರು ನಿಮಗ ಇದನ್ನ ಹಚ್ಚಾಕ?”

“ಅದು... ನಮ್ಮ ಕಡಿ...”

“ಎದ್ದ್ ಹೋಗ್ರಿ.”

ಅವನು ಎದ್ದು ಹೋದ. ಕಪಾಟಿನ ಮೇಲೆ ಅವನ ಉಳಿ ಉಳಿದುಬಿಟ್ಟಿತು.

ಐದು ವಾರ ಕಳೆಯಿತು. ಒದ್ದೆ ಬಟ್ಟೆಯಿಂದ ಎಷ್ಟು ಉಜ್ಜಿದರೂ ಬಣ್ಣ ಮಸುಕಾಯಿತೇ ಹೊರತು ಹೋಗಲಿಲ್ಲ. ಗೋಡೆಯ ಮೇಲೆ ಬೆಕ್ಕು ಕಾಯುತ್ತಿತ್ತು. ಬಾಗಿಲಿಲ್ಲದ ಗೂಡಿಗೆ ಸುಮನ ಹಳೆ ಸೀರೆ ಕಟ್ಟಿದಳು. ಕಾಲೇಜಿನಲ್ಲಿ ದಿನವಿಡೀ ಗಾಜಿನ ಬಾಟಲಿ ತೊಳೆದು ಬಂದು, ಆ ಸೀರೆಗೇ ಬೆನ್ನು ಕೊಟ್ಟು ಕೂರುತ್ತಿದ್ದಳು. ಬೇರೆ ಬಡಿಗನನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಯಾಕೆಂದು ತನ್ನನ್ನೇ ಕೇಳಿಕೊಳ್ಳುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

ಆರನೆಯ ಭಾನುವಾರ ಉಳಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಕುಲಗೋಡದ ಬಸ್ಸು ಹತ್ತಿದಳು. ಕೊಟ್ಟು ಬಂದರೆ ಮುಗಿಯಿತು ಎಂದುಕೊಂಡಳು. ಅಜ್ಜಿ ಇಬ್ಬರಿಗಾಗುವಷ್ಟು ರೊಟ್ಟಿ ಕಟ್ಟಿಕೊಟ್ಟಳು.

ದುಂಡೇಶನ ತಂದೆ ಬೀರಸಿದ್ದಪ್ಪ ಕುರಿಹಟ್ಟಿಯ ಬಾಗಿಲಲ್ಲಿ ಕುಳಿತಿದ್ದ. ಮುಂದೆ ಒಂದು ಬಟ್ಟಲು. ಹೆಬ್ಬೆರಳು ಅದ್ದಿ ಅದ್ದಿ ಒಂದೊಂದೇ ಮರಿಯ ಬೆನ್ನಿಗೆ ಒತ್ತುತ್ತಿದ್ದ. ಅದೇ ಕೆಂಪು. ಅದೇ ಜಾಗ.

“ಇವನ್ನ... ಎಲ್ಲಿಗೆ ಕಳಸಾಕತ್ತೀರಿ ಕಾಕಾ?”

“ಎಲ್ಲಿಗೂ ಇಲ್ಲವ್ವಾ. ನಮ್ಮ ಮನಿವು ಅಂತ ಗುರ್ತು. ಮಂದಿ ಹಿಂಡಿನ್ಯಾಗ ಬೆರತ್ರೂ ತಿರುಗಿ ಮನಿಗೆ ಬರಬೇಕಲ್ಲ.”

ಸುಮನ ಅಲ್ಲೇ ಮಣ್ಣಿನಲ್ಲಿ ಕುಳಿತಳು.

ಹುಲ್ಲಿನ ಹೊರೆ ಹೊತ್ತು ಬಂದ ದುಂಡೇಶ ಅವಳನ್ನು ಕಂಡು ನಿಂತುಬಿಟ್ಟ. ಪ್ರಯೋಗಾಲಯದ ಬಣ್ಣದ ಕಥೆಯನ್ನು ಅವಳು ಮೊದಲ ಬಾರಿಗೆ ಒಬ್ಬರ ಮುಂದೆ ಹೇಳಿದಳು. ಹೊರೆ ಇಳಿಸುವುದನ್ನೂ ಮರೆತು ಅವನು ಕೇಳಿದ. ತಾನು ಮತ್ತೆ ಬಂದರೆ ಅವಳಿಗೆ ಮತ್ತೆ ನೋವಾದೀತೆಂದು ಹೆದರಿ ದೂರ ಉಳಿದೆ ಎಂದ.

“ನನ್ನ ಇಲಿಗೆ ನಿಮ್ಮನಿ ಗುರ್ತು ಯಾಕ ಹಚ್ಚಿದ್ರಿ?”

ಇಲಿ ಎಂದಳು, ಅವಳೇ! ಅವನ ಮುಖದಲ್ಲಿ ಸಣ್ಣ ನಗು ಸುಳಿದು ಹೋಯಿತು.

“ನಿಮಗ ಹೇಳಾಕ ಧೈರ್ಯ ಆಗ್ಲಿಲ್ರಿ. ಅದಕ್ಕ ಅವಕ್ಕ ಹೇಳಿದೆ.”

ಗೋಡೆಗೆ ಒರಗಿಸಿಟ್ಟ ಜಾಳಿಗೆ ಬಾಗಿಲು ಆಗ ಅವಳ ಕಣ್ಣಿಗೆ ಬಿತ್ತು. ಎಂದೋ ಮಾಡಿ ಮುಗಿಸಿದ್ದು. ಮೇಲೆ ತೆಳ್ಳಗೆ ಧೂಳು ಕೂತಿತ್ತು.

ಇಬ್ಬರೂ ರೊಟ್ಟಿ ತಿಂದರು. ಹೊರಡುವಾಗ ಸುಮನ ಕಾಕಾನ ಹತ್ತಿರ ಒಂದು ಚೂರು ಬಣ್ಣವನ್ನು ಎಲೆಯಲ್ಲಿ ಕಟ್ಟಿಸಿಕೊಂಡಳು. ಬಸ್ಸಿನಲ್ಲಿ ಬಾಗಿಲು ಅವರಿಬ್ಬರ ಮೊಣಕಾಲುಗಳ ಮೇಲೆ ಅಡ್ಡ ಮಲಗಿತ್ತು. ಅವಳು ನಿದ್ದೆ ಹೋದಳು. ಅವನು ಗೋಕಾಕದವರೆಗೂ ಭುಜ ಅಲುಗಿಸಲಿಲ್ಲ.

ಸಂಜೆ ಸೀರೆ ಬಿಚ್ಚಿ ಬಾಗಿಲು ಕೂರಿಸಿದ. ಕೊನೆಯ ಮೊಳೆ ಹೊಡೆಯುವಾಗ ಅಜ್ಜಿ ಗೋಡೆಯ ಕಡೆ ಹೊರಳಿ ಮಲಗಿದಳು.

“ಆಯಿ, ಮುಂದ?” ಎಂದಳು ಸುಮನ.

“ಮುಂದಿಂದು ನಿಮಗ ಗೊತ್ತು. ನನಗ ನಿದ್ದಿ ಬಂದೇತಿ.”

ಸುಮನ ಎಲೆ ಬಿಚ್ಚಿದಳು. ಹೆಬ್ಬೆರಳು ಬಣ್ಣದ ಹತ್ತಿರ ಹೋಗಿ ಒಂದು ಕ್ಷಣ ತಡೆಯಿತು. ಆಮೇಲೆ ಅದ್ದಿ, ದುಂಡೇಶನ ಮುಂಗೈ ಮೇಲೆ ಮೆಲ್ಲಗೆ ಒತ್ತಿದಳು.

“ದಾರಿ ತಪ್ಪಿದ್ರ ಎಲ್ಲಿಗೆ ಬರಬೇಕ್ರಿ?”

“ಇಲ್ಲಿಗೇ.” ಅವನು ಸುತ್ತಿಗೆ ಬದಿಗಿಟ್ಟ. “ದಣಿದೀರಿ. ಕುಂಡರ್ರಿ.”

“ಒಬ್ಬಾಕಿನ ಕುಂತು ಸಾಕಾಗೇತಿ. ನೀವೂ ಕುಂಡರ್ರಿ.”

ಅವನು ಪಕ್ಕದಲ್ಲಿ ಕುಳಿತ. ಮೂರನೆಯ ಅಂತಸ್ತಿನಲ್ಲಿ ಮೂರೂ ಒಂದಕ್ಕೊಂದು ಅಂಟಿ ಮಲಗಿದ್ದವು. ಸುಮನ ಕೈಚಾಚಿ ಗೂಡಿನ ಚಿಲಕ ಹಾಕಿದಳು.